ಮಂದ ಬೆಳಕಲ್ಲಿ ಫಿಲಂ ಫೋಟೊ: ಮೊದಲು ಲೆನ್ಸ್, ಆಮೇಲೆ ರೋಲ್

ಬೆಳಕು ಕಡಿಮೆ ಇದ್ದರೆ ಜಾಸ್ತಿ ಐಎಸ್‌ಒ (ಬೆಳಕಿಗೆ ಫಿಲಂ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಸಂಖ್ಯೆ) ಇರುವ ಫಿಲಂ ಹಾಕಿದರಾಯ್ತು ಅನ್ನುವವರೇ ಹೆಚ್ಚು. ಮೊದಲು ಲೆನ್ಸ್ ನೋಡಿ. ಸಾಧಾರಣ ಜೂಮ್ ಲೆನ್ಸ್ ಎಫ್/3.5ರಿಂದ ಶುರುವಾಗುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. 50 ಎಂಎಂ ಎಫ್/1.8 ಲೆನ್ಸ್ ಅದರ ಸುಮಾರು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಅಂದರೆ ಎರಡು ಸ್ಟಾಪ್ ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ), ಅದೂ ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಒಂಚೂರೂ ಹೆಚ್ಚಾಗದೆ. ಹಳೇ ಲೆನ್ಸ್ ಆದರೂ ಸರಿ, ಟಾರ್ಚ್ ಬೆಳಕು ಬಿಟ್ಟು ಒಳಗೆ ಫಂಗಸ್ ಇದೆಯಾ ಅಂತ ನೋಡಿಕೊಳ್ಳಿ. ಎಫ್/1.8ರಲ್ಲಿ ಫೋಕಸ್ ಸಿಗುವ ಜಾಗ ತೀರಾ ಕಡಿಮೆ, ಹಾಗಾಗಿ ಕಣ್ಣಿಗೇ ಫೋಕಸ್ ಮಾಡಿ.

ಈಗ ರೋಲ್. ಹೊಸಬರಿಗೆ ಕಪ್ಪು-ಬಿಳುಪೇ ಸುಲಭ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಕ್ ಟ್ರೈ-ಎಕ್ಸ್ 400 ಹಾಕಿ, ಬೆಳಕು ಅಳೆಯುವ ಮೀಟರನ್ನು ಐಎಸ್‌ಒ 1600ಕ್ಕೆ ಇಟ್ಟು ಇಡೀ ರೋಲ್ ಹಾಗೇ ತೆಗೆಯಿರಿ. ಮಧ್ಯದಲ್ಲಿ ಬದಲಿಸಬೇಡಿ, ಯಾಕಂದರೆ ಡೆವಲಪ್ ಆಗುವುದು ಪೂರ್ತಿ ರೋಲ್ ಒಟ್ಟಿಗೆ. ಹೊರತೆಗೆದ ಕೂಡಲೇ ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ‘1600’ ಬರೆದು, ಲ್ಯಾಬ್‌ನವರಿಗೆ ‘ಎರಡು ಸ್ಟಾಪ್ ಪುಶ್’ ಅಂತ ಹೇಳಿ. ಪುಶ್ ಅಂದರೆ ಫಿಲಂ ಹೆಚ್ಚು ಹೊತ್ತು ಡೆವಲಪ್ ಮಾಡುವುದು. ಪುಶ್ ಮಾಡಿದರೆ ಗ್ರೇನ್, ಕಾಂಟ್ರಾಸ್ಟ್ ಎರಡೂ ಏರುತ್ತವೆ. ಆದರೆ ಬೆಳಕೇ ಬೀಳದ ನೆರಳಲ್ಲಿ ಏನೂ ಹೊಸದಾಗಿ ಹುಟ್ಟುವುದಿಲ್ಲ, ಅಲ್ಲಿ ಕಪ್ಪು ಕಪ್ಪೇ. ಇನ್ನು ಇಲ್ಫರ್ಡ್‌ನದೇ ಕಪ್ಪು-ಬಿಳುಪು ಫಿಲಂ ಡೆಲ್ಟಾ 3200 ಇದೆಯಲ್ಲ, ಅದರ ನಿಜವಾದ ಐಎಸ್‌ಒ ಸುಮಾರು 1000 ಅಷ್ಟೇ. ಪುಶ್ ಮಾಡಲಿಕ್ಕೆಂದೇ ತಯಾರಾದ ಫಿಲಂ ಅದು.

ಬಣ್ಣ ಬೇಕೇ ಬೇಕು ಅಂದರೆ ಕೊಡಕ್‌ನ ಪೋರ್ಟ್ರಾ 800 ಒಳ್ಳೆಯದು. ಹಗಲ ಬೆಳಕಿನ ಫಿಲಂ ಆದ್ದರಿಂದ ಹಳದಿ ಬಲ್ಬಿನಡಿ ಕಿತ್ತಳೆ ಬಣ್ಣ ತಿರುಗುತ್ತದೆ. 80ಎ ನೀಲಿ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ, ಆದರೆ ಅದು ಎರಡು ಸ್ಟಾಪ್ ನುಂಗಿ 800ನ್ನು 200 ಮಾಡಿಬಿಡುತ್ತದೆ, ಸುಮ್ನೆ ದಂಡ. ಸಿನೆಸ್ಟಿಲ್ 800ಟಿ ಅಂಥ ಬಲ್ಬಿಗೇ ಹೊಂದುವ ಫಿಲಂ. ಸಿನಿಮಾ ಫಿಲಂನ ಹಿಂಬದಿಯ ಕಪ್ಪು ಪದರ ತೆಗೆದಿರುವುದರಿಂದ ದೀಪಗಳ ಸುತ್ತ ಕೆಂಪು ಹೊಳಪು ಹರಡುತ್ತದೆ. ಕೆಲವರಿಗೆ ಅದೇ ಇಷ್ಟ, ನನಗೆ ಒಂದೆರಡು ಚಿತ್ರಕ್ಕೆ ಸಾಕು.

ಫ್ರೇಮಿನಲ್ಲಿ ದೀಪ ಇದ್ದರೆ ಮೀಟರ್ ಮೋಸಹೋಗುತ್ತದೆ, ಮುಖದ ಹತ್ತಿರ ಹೋಗಿ ಅಳೆಯಿರಿ. ಕೈಯಲ್ಲಿ ಹಿಡಿದರೆ 50 ಎಂಎಂಗೆ 1/60 ಸೆಕೆಂಡ್‌ಗಿಂತ ನಿಧಾನ ಬೇಡ.

ಅಲುಗಾಡದ ವಸ್ತುವಾದರೆ ಟ್ರೈಪಾಡ್ ಇಡಿ, 100 ಐಎಸ್‌ಒ ಕೂಡ ನಡೆಯುತ್ತದೆ. ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ಕೇಬಲ್ ರಿಲೀಸ್ ಇಲ್ಲವಾ? ಸೆಲ್ಫ್-ಟೈಮರ್ ಒತ್ತಿ. ಒಂದು ಸೆಕೆಂಡ್ ದಾಟಿದರೆ ಫಿಲಂಗೆ ಮೀಟರ್ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೀಟರ್ 10 ಸೆಕೆಂಡ್ ಅಂದರೆ ಎಚ್‌ಪಿ5ಗೆ ಸುಮಾರು 20 ಕೊಡಿ.