ಹೆಡ್ ಇಳಿಸೋ ಮೊದಲು ನೀಲಿ ನೀರಿನ ಟೆಸ್ಟ್: ನನ್ನ ಅನುಭವ

ರೇಡಿಯೇಟರ್ ಬಾಯಲ್ಲಿ ಗುಳ್ಳೆ ಕಂಡ ಕೂಡಲೇ, ಗ್ಯಾಸ್ಕೆಟ್ ಹೋಗಿ ಇಂಜಿನ್ ಹೊಗೆ ಕೂಲಂಟಿಗೆ ನುಗ್ಗಿದೆ ಅಂತ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸೋದು ನಮ್ಮ ಗ್ಯಾರೇಜುಗಳಲ್ಲಿ ಮಾಮೂಲು. ಆದರೆ ಕೂಲಂಟ್ ದಾರಿಯಲ್ಲಿ ಗಾಳಿ ಸಿಕ್ಕಿ ಏರ್ ಲಾಕ್ ಆಗಿದ್ದರೂ ಗುಳ್ಳೆ ಬರುತ್ತೆ. ಹೆಡ್ ಇಳಿಸಿ, ಅದರ ಅಡಿ ಸಮ ಮಾಡೋ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್, ಬೋಲ್ಟ್, ಆಯಿಲ್, ಕೂಲಂಟ್ ಎಲ್ಲ ಸೇರಿದರೆ ಚಿಕ್ಕ ಪೆಟ್ರೋಲ್ ಗಾಡಿಗೂ 12-15 ಸಾವಿರ. ಅಷ್ಟಾದ ಮೇಲೂ ಗಾಡಿ ಹೀಟ್ ಆದರೆ ಆ ದುಡ್ಡಿಗೆ ಯಾರು ಹೊಣೆ? ಅದಕ್ಕೇ ಮೊದಲು ನೀಲಿ ನೀರಿನ ಟೆಸ್ಟ್: ರೇಡಿಯೇಟರ್ ಬಾಯಿಯ ಗ್ಯಾಸನ್ನ ನೀಲಿ ಲಿಕ್ವಿಡ್ಡಿನ ಮೂಲಕ ಎಳೆದಾಗ, ಅದರಲ್ಲಿ ಹೊಗೆಯ ಇಂಗಾಲಾಮ್ಲ (ಕಾರ್ಬನ್ ಡೈಆಕ್ಸೈಡ್) ಇದ್ದರೆ ನೀಲಿ ಹಳದಿಗೆ ತಿರುಗುತ್ತೆ. ಬಣ್ಣದ ನೀರು ನೋಡಿ ಹೆಡ್ ವಿಷಯ ಹೇಳೋಕಾಗಲ್ಲ ಅಂದವರೇ ಈಗ ಗಾಡಿ ಕಳಿಸ್ತಿದ್ದಾರೆ. ಸುಮಾರು 40 ಗಾಡಿ ನೋಡಿದ್ದೇನೆ, ಎರಡರಲ್ಲಿ ಮಾತ್ರ ತಪ್ಪಿದೆ.

ಈ ಟೆಸ್ಟಿಗೆ ಹೊರಗಿನಿಂದ ಬರೋ ಕಿಟ್ ಸುಮಾರು ಮೂರು ಸಾವಿರ, ಅದರ ಲಿಕ್ವಿಡ್ ಬೇರೆ ಬೇಗ ಖಾಲಿ. ಅದರೊಳಗಿರೋದು ಬ್ರೋಮೋಥೈಮಾಲ್ ಬ್ಲೂ ಅನ್ನೋ ಬಣ್ಣದ ಪುಡಿ. ಶಾಲಾ ಲ್ಯಾಬಿಗೆ ಸಾಮಾನು ಕೊಡೋ ಅಂಗಡಿಯಲ್ಲಿ 5 ಗ್ರಾಂ ಪುಡಿ ತಂದರೆ ವರ್ಷಗಟ್ಟಲೆ ಸಾಕು. ಗಾಜಿನ ಕೊಳವೆ, ರೇಡಿಯೇಟರ್ ಬಾಯಿಗೆ ಕೂರೋ ಶಂಕುವಿನಾಕಾರದ ರಬ್ಬರ್ ಬಿರಡೆ, ಹಿಂಡೋ ರಬ್ಬರ್ ಬಲ್ಬ್, ಎಲ್ಲ ಅಲ್ಲೇ ಸಿಕ್ಕವು.

ಕೆಟ್ಟಿದ್ದು ಲಿಕ್ವಿಡ್ಡಲ್ಲಿ. ಮೊದಲನೇ ಸಲ ಬೋರ್‌ವೆಲ್ ನೀರು ಹಾಕಿದೆ. ಚೆನ್ನಾಗಿ ನೀಲಿ ಬಂತು, ಆದರೆ ಸೈಲೆನ್ಸರ್ ಹೊಗೆ ಬಿಟ್ಟರೂ ಹಳದಿಗೆ ತಿರುಗಲಿಲ್ಲ. ಗಡಸು ನೀರಿನ ಬೈಕಾರ್ಬೊನೇಟು ಹೊಗೆಯ ಹುಳಿಯನ್ನ ನುಂಗಿಬಿಡುತ್ತೆ. ಎರಡನೇ ಸಲ ಡಿಸ್ಟಿಲ್ಡ್ ವಾಟರ್, ಆದರೆ ಕಾಸ್ಟಿಕ್ ಸೋಡಾದ ಒಂದು ಇಡೀ ಹರಳು. ಕಡುನೀಲಿ, ಐದು ನಿಮಿಷ ಹೊಗೆ ಬಿಟ್ಟರೂ ಅಲುಗಲಿಲ್ಲ. ಈ ಎರಡು ಲಿಕ್ವಿಡ್ಡೂ ಒಡೆದ ಹೆಡ್ಡನ್ನ ಒಳ್ಳೇದು ಅಂತ ತೋರಿಸ್ತವೆ. ಸರಿ ಬಂದ ಲೆಕ್ಕ ಇದು: ಲೀಟರಿಗೆ 0.4 ಗ್ರಾಂ ಕಾಸ್ಟಿಕ್ ಕರಗಿಸಿ, ಅದರಲ್ಲಿ 16 ಎಂಎಲ್ ಮಾತ್ರ ತಗೊಂಡು 0.1 ಗ್ರಾಂ ಪುಡಿ ಕಲಸಿ, ಕುದಿಸಿ ಆರಿಸಿದ ಡಿಸ್ಟಿಲ್ಡ್ ವಾಟರ್ ಸೇರಿಸಿ 250 ಎಂಎಲ್ ಮಾಡೋದು. ಹಸಿರು ಛಾಯೆ ಇದ್ದರೆ ಅದೇ ಕಾಸ್ಟಿಕ್ ನೀರನ್ನ ಹನಿ ಹನಿಯಾಗಿ ಬಿಟ್ಟು ನೀಲಿಗೆ ತರೋದು. ಡೀಸೆಲ್ಲಿಗೆ ಎಷ್ಟನೇ ಹನಿಗೆ ನಿಲ್ಲಿಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಪ್ರತಿ ಗಾಡಿಗೂ ಮೊದಲು ಸ್ಟ್ರಾ ಇಟ್ಟು ಉಸಿರು ಊದಿ ನೋಡಿ. ಅರ್ಧ ನಿಮಿಷದಲ್ಲಿ ಹಸಿರಿಗೆ ಬರಬೇಕು. ಆಮೇಲೆ ಹೊರಗಿನ ಗಾಳಿ ಪಂಪ್ ಮಾಡಿದರೆ ನೀಲಿಗೆ ಮರಳಬೇಕು. ಎರಡರಲ್ಲಿ ಒಂದಾಗದಿದ್ದರೂ ಆ ಲಿಕ್ವಿಡ್ ಚೆಲ್ಲಿ.

ಗಾಡಿ ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಕೂಲಂಟನ್ನ ಬಾಯಿಂದ ಎರಡು ಇಂಚು ಕೆಳಗಿಳಿಸಿ, ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ತೆರೆಯೋವರೆಗೂ ನಿಂತಲ್ಲೇ ಇಂಜಿನ್ ಓಡಿಸಿ. ಕೊಳವೆಗೆ 10 ಎಂಎಲ್ ಲಿಕ್ವಿಡ್ ಹಾಕಿ, ಬಿರಡೆ ಒತ್ತಿ ಹಿಡಿದು ಎರಡು ನಿಮಿಷ ಬಲ್ಬ್ ಹಿಂಡಿ. ನಡುವೆ ಒಂದೆರಡು ಸಲ 2000 ಆರ್‌ಪಿಎಂಗೆ ಏರಿಸಿ. ಕೂಲಂಟ್ ಒಂದು ಹನಿ ಲಿಕ್ವಿಡ್ಡಿಗೆ ಹಾರಿದರೂ ಟೆಸ್ಟ್ ಕೆಟ್ಟಿತು. ಪೆಟ್ರೋಲಲ್ಲಿ ಹಳದಿ ಸ್ಪಷ್ಟ. ಡೀಸೆಲ್ ಐಡ್ಲಿಂಗಲ್ಲಿ ಹೊಗೆಯ ಇಂಗಾಲಾಮ್ಲ ಕಡಿಮೆ, ಹಸಿರಿಗೇ ನಿಲ್ಲಬಹುದು. ಅದನ್ನೂ ಲೀಕ್ ಅಂತಲೇ ಹಿಡಿಯಿರಿ.

ನಾನು ತಪ್ಪಿದ ಮೊದಲ ಗಾಡಿ ಡೀಸೆಲ್. ಹಳದಿ ಬಂತು, ಹೆಡ್ ಇಳಿಸಿದೆ, ಗ್ಯಾಸ್ಕೆಟ್ಟೂ ಹೆಡ್ಡೂ ಸರಿಯಾಗಿದ್ದವು. ಒಡೆದಿದ್ದು ಇಜಿಆರ್ ಕೂಲರ್, ಅಂದರೆ ಇಂಜಿನ್ನಿಗೆ ವಾಪಸ್ ಹೋಗೋ ಹೊಗೆಯನ್ನ ಕೂಲಂಟಿನಿಂದ ತಣಿಸೋ ಭಾಗ. ಹೊಗೆ ಅಲ್ಲಿಂದಲೂ ನೀರಿಗೆ ನುಗ್ಗುತ್ತೆ. ಗ್ಯಾಸ್ಕೆಟ್ ದುಡ್ಡು ನನ್ನ ಕೈಯಿಂದಲೇ ಹೋಯಿತು, ಏಳು ಸಾವಿರದ ಹತ್ತಿರ. ಈಗ ಡೀಸೆಲ್ಲಲ್ಲಿ ಬಣ್ಣ ತಿರುಗಿದರೆ ಇಜಿಆರ್ ಕೂಲರಿನ ಎರಡೂ ನೀರಿನ ಪೈಪನ್ನ ಒಂದಕ್ಕೊಂದು ಸೇರಿಸಿ, ಕೂಲರನ್ನ ಬಿಟ್ಟು ಇನ್ನೊಮ್ಮೆ ನೋಡದೆ ಸ್ಪಾನರ್ ಮುಟ್ಟಲ್ಲ.

ಎರಡನೇದು ಶಿರಾಡಿ ಘಾಟ್ ಹತ್ತುವಾಗ ಮಾತ್ರ ಹೀಟ್ ಆಗ್ತಿದ್ದ ಪೆಟ್ರೋಲ್ ಗಾಡಿ. ನಿಂತಲ್ಲಿ ಎಷ್ಟು ಹಿಂಡಿದರೂ ನೀಲಿಯೇ. ಲೋಡ್ ಬಿದ್ದಾಗಷ್ಟೇ ಬಾಯಿ ಬಿಡೋ ಬಿರುಕು ಅದು. ಅಂಥದ್ದಕ್ಕೆ ಕ್ಯಾಪ್ ಹಾಕಿಯೇ, ಓವರ್‌ಫ್ಲೋ ಪೈಪನ್ನ ಒಂದು ಲೀಟರಿನ ಖಾಲಿ ಬಾಟಲಿಗೆ ಕೊಟ್ಟು, ಅಲ್ಲಿಂದ ಇನ್ನೊಂದು ಪೈಪು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಏರು ಹತ್ತಿಸ್ತೀನಿ. ನೀರು ಬಾಟಲಿಯಲ್ಲಿ, ಗ್ಯಾಸ್ ಚೀಲದಲ್ಲಿ. ಚೀಲದ ಗ್ಯಾಸನ್ನ ಲಿಕ್ವಿಡ್ಡಿಗೆ ಬಿಟ್ಟಾಗ ಹತ್ತು ಸೆಕೆಂಡಿಗೆ ಹಳದಿ. ಇಂಜಿನ್ ತಣ್ಣಗಾಗೋ ಮೊದಲು ಓವರ್‌ಫ್ಲೋ ಪೈಪು ಗಾಡಿಯದೇ ಕೂಲಂಟ್ ಇರೋ ರಿಕವರಿ ಬಾಟಲಿಗೆ ವಾಪಸ್ ಹೋಗಬೇಕು, ಇಲ್ಲವಾದರೆ ರೇಡಿಯೇಟರ್ ಗಾಳಿ ಎಳೆದುಕೊಳ್ಳುತ್ತೆ.

ಎಮಿಷನ್ ಟೆಸ್ಟಿನ ಮಿಷಿನ್ ಕೊಳವೆಯನ್ನ ರೇಡಿಯೇಟರ್ ಬಾಯಿಗೆ ಹಿಡಿದೂ ನೋಡಿದ್ದೇನೆ. ಪೆಟ್ರೋಲ್ ಗಾಡಿಗೆ ಚೆನ್ನಾಗಿ ಹಿಡಿಯುತ್ತೆ, ಆದರೆ ಆವಿ ಎಳೆದರೆ ಫಿಲ್ಟರ್ ಹಾಳು. ಮಿಷಿನ್ನಿನವರು ಎರಡನೇ ಸಲ ಕೊಡಲಿಲ್ಲ.

ಲೀಕ್ ಯಾವ ಸಿಲಿಂಡರಿನದು ಅನ್ನೋದಕ್ಕೆ ಪೆಟ್ರೋಲ್ ಗಾಡಿಯಲ್ಲಿ ಒಂದೊಂದೇ ಇಂಜೆಕ್ಟರ್ ಕಪ್ಲರ್ (ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿನ ವೈರ್ ಪ್ಲಗ್) ಎಳೆದು ಟೆಸ್ಟ್ ಮಾಡಿ. ಅದರ ಬದಲು ಕಿಡಿ ಕೊಡೋ ಕಾಯಿಲ್ ಎಳೆದರೆ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನ ಕೆಡಿಸುತ್ತೆ. ಪ್ರತಿ ಸುತ್ತಿಗೂ ಹೊಸ ಲಿಕ್ವಿಡ್, ಸುತ್ತಿನ ನಡುವೆ ರೇಡಿಯೇಟರ್ ಬಾಯಿಗೆ ಹೊರಗಿನ ಗಾಳಿ ಊದಿ. ಯಾವ ಕಪ್ಲರ್ ಎಳೆದಾಗ ನೀಲಿ ನೀಲಿಯಾಗೇ ಉಳಿಯುತ್ತೋ ಅದೇ ಸಿಲಿಂಡರ್; ಗುಳ್ಳೆ ಆಗಲೂ ಬರಬಹುದು, ಆದರೆ ಅದು ಬರೀ ಗಾಳಿ.