ಅಮೆರಿಕದ ಸಾಕುಹಾವು, ತೀರ್ಥಹಳ್ಳಿಯಲ್ಲಿ ಹುರುಪೆ ಎಣಿಕೆ

ಬಣ್ಣ ನೋಡಿ ಹಾವಿನ ಹೆಸರು ಹೇಳೋರು ನಮ್ಮ ತೀರ್ಥಹಳ್ಳಿ ಕಡೆ ಬೇಕಾದಷ್ಟು ಜನ ಇದ್ದಾರೆ. ಮೈಮೇಲೆ ಅಡ್ಡಪಟ್ಟೆ ಕಂಡರೆ ಸಾಕು, ಕಟ್ಟುಹಾವು ಅಂತ ದೊಣ್ಣೆ ತರ್ತಾರೆ. ಏಟು ತಿನ್ನೋದು ಹೆಚ್ಚಾಗಿ ವಿಷವೇ ಇಲ್ಲದ ತೋಳಹಾವು. ಕಟ್ಟುಹಾವಿಗೆ ಬೆನ್ನಿನ ನಡುಸಾಲಿನ ಹುರುಪೆಗಳು ಅಗಲವಾಗಿ, ಆರು ಮೂಲೆಯಾಗಿ ಇರುತ್ತವೆ. ತೋಳಹಾವಿಗೆ ಹಾಗಿರೋದಿಲ್ಲ. ಬಣ್ಣಕ್ಕಿಂತ ಹುರುಪೆ ನಂಬಬಹುದು ಅಂತ ನನಗೆ ಗೊತ್ತಾಗಿದ್ದು ಹೀಗೆ.

ಕಲಿತಿದ್ದು ಹಾವು ಹಿಡಿದಲ್ಲ, ತೋಟದಲ್ಲಿ ಸಿಗುವ ಪೊರೆಯಿಂದ. ಪೊರೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಗಾಜಿನ ಮೇಲೆ ಬಿಡಿಸಿ ಒಣಗಿಸಿದರೆ ಒಂದೊಂದು ಹುರುಪೆಯೂ ಲೆಕ್ಕಕ್ಕೆ ಸಿಗುತ್ತದೆ. ನೀರೊಳ್ಳೆಗೆ ಮೇಲ್ತುಟಿಯ ಒಂದು ಬದಿಗೆ ಸಾಮಾನ್ಯವಾಗಿ 9 ಹುರುಪೆ. ಅದೇ ಗದ್ದೆಯಲ್ಲಿ ಓಡಾಡುವ, ಬೆನ್ನ ಮೇಲೆ ಎರಡು ಮಾಸಲು ಹಳದಿ ಗೆರೆ ಇರುವ ಸಣ್ಣ ಹಾವಿಗೆ 8. ಎರಡಕ್ಕೂ ನಡುಮೈಯಲ್ಲಿ 19 ಸಾಲು, ಹುರುಪೆಯ ಮೇಲೆ ನಡುವಿಗೆ ಏಣು, ಅಂದರೆ ಉದ್ದಕ್ಕೆ ಎದ್ದ ಗೆರೆ.

ಹೀಗಿರುವಾಗ ಟೆಕ್ಸಾಸ್‌ನಲ್ಲಿರುವ ತಂಗಿಯ ಮಗಳು ಫೋನ್ ಮಾಡಿದಳು. ಅಂಗಡಿಯಿಂದ ಎರಡು ಗಾರ್ಟರ್ ಹಾವು ತಂದು ಸಾಕುತ್ತಿದ್ದಾಳೆ. "ಮಾವ, ಒಂದು ಎರೆಹುಳ ಗಬಗಬ ತಿನ್ನುತ್ತೆ. ಇನ್ನೊಂದು ಮೂಸಿ ನೋಡೋದೂ ಇಲ್ಲ. ಹುಷಾರಿಲ್ವಾ?" ಇಲ್ಲಿ ನಮ್ಮ ನೀರೊಳ್ಳೆಯನ್ನು ಹೀಗೆ ಡಬ್ಬಿಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸುಮ್ನೆ ಬಿಡೋದಿಲ್ಲ. ಅಲ್ಲಿ ಅಂಗಡಿಯಲ್ಲೇ ಮಾರ್ತಾರೆ. ಇರಲಿ.

ಗಾರ್ಟರ್ ಅನ್ನೋದು ಒಂದೇ ಹಾವಲ್ಲ. ಥಾಮ್ನೋಫಿಸ್ ಅನ್ನೋ ಕುಲದಲ್ಲಿ 30ಕ್ಕೂ ಹೆಚ್ಚು ಜಾತಿ ಇವೆ. ಎಲ್ಲವೂ ಉತ್ತರ ಮತ್ತು ಮಧ್ಯ ಅಮೆರಿಕದವು, ನಮ್ಮ ನೀರೊಳ್ಳೆಗೆ ದೂರದ ನೆಂಟರು. ನೀರೊಳ್ಳೆ ಮೊಟ್ಟೆ ಇಟ್ಟರೆ ಇವು ಮರಿ ಹಾಕುತ್ತವೆ. ಕಾಡಲ್ಲಿ ಸಿಕ್ಕ ಹಾವಾದರೆ ಸಿಕ್ಕ ಊರು ನೋಡಿಯೇ ಅರ್ಧ ಜಾತಿಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಅಂಗಡಿ ಹಾವಿಗೆ ಊರೇ ಇಲ್ಲ. ಮೈಮೇಲೆ ಏನಿದೆಯೋ ಅಷ್ಟೇ ಸಾಕ್ಷಿ.

ಅವಳು ಮೊದಲು ಕಳಿಸಿದ್ದು ಅಂಗೈಯಲ್ಲಿ ಸುರುಳಿ ಸುತ್ತಿ ಕೂತ ಚಂದದ ಫೋಟೋ. ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ಬೇಕಾಗಿದ್ದು ತಲೆಯ ಎಡಬದಿ, ಬಲಬದಿ, ಕುತ್ತಿಗೆಯ ಹತ್ತಿರದ ಪಕ್ಕೆ, ನೆತ್ತಿ, ಮತ್ತೆ ಬಾಲ ಸೇರಿಸಿ ಪೂರ್ತಿ ಉದ್ದ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಹುರುಪೆ ಎಲ್ಲ ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸು ಅಂದೆ. ಹಾವು ಒಂದು ಕಡೆ ನಿಲ್ಲೋದಿಲ್ಲ ಅಂದಿದ್ದಕ್ಕೆ ಗಾಜಿನ ಡಬ್ಬಿಯಲ್ಲಿ ಬಿಟ್ಟು ಹೊರಗಿನಿಂದ ತೆಗೆಯಲು ಹೇಳಿದೆ.

ಗಾರ್ಟರ್‌ಗಳಲ್ಲಿ ಮೊದಲು ನೋಡೋದು ಪಕ್ಕೆಯ ಗೆರೆ ಎಷ್ಟನೇ ಸಾಲಿನಲ್ಲಿದೆ ಅಂತ. ಹೊಟ್ಟೆಯ ಅಗಲ ಹುರುಪೆಗೆ ತಾಗಿದ ಸಾಲು ಒಂದನೆಯದು, ಅಲ್ಲಿಂದ ಮೇಲಕ್ಕೆ ಎಣಿಸಬೇಕು. ಅದೂ ಕುತ್ತಿಗೆ ಕಡೆಯ ಭಾಗದಲ್ಲಿ, ಹಿಂದೆ ಹೋದಂತೆ ಗೆರೆ ಜಾಗ ಬದಲಿಸುತ್ತದೆ. 2 ಮತ್ತು 3ನೇ ಸಾಲಿನಲ್ಲಿದ್ದರೆ ಸಾಮಾನ್ಯ ಗಾರ್ಟರ್, ಥಾಮ್ನೋಫಿಸ್ ಸಿರ್ಟಾಲಿಸ್ ಇರಬಹುದು. 3 ಮತ್ತು 4ರಲ್ಲಿದ್ದರೆ ಬಯಲು ಸೀಮೆಯ ರಾಡಿಕ್ಸ್, ಇಲ್ಲವೇ ರಿಬ್ಬನ್ ಹಾವು. 3ರಲ್ಲಿ ಮಾತ್ರ ಇದ್ದರೆ ಚೌಕುಳಿಯ ಮಾರ್ಸಿಯಾನಸ್.

ಎರೆಹುಳ ಮುಟ್ಟದ ಹಾವಿಗೆ ಗೆರೆ 3 ಮತ್ತು 4ರಲ್ಲಿತ್ತು. ರಾಡಿಕ್ಸ್‌ಗೆ ಮೇಲ್ತುಟಿಯ ಹುರುಪೆಗಳ ಸಂದಿನಲ್ಲಿ ಕಪ್ಪು ಗೀಟು ಎದ್ದು ಕಾಣುತ್ತದೆ. ಇದರ ತುಟಿಯಲ್ಲಿ ಒಂದು ಕಲೆಯೂ ಇಲ್ಲ. ಕಣ್ಣಿನ ಮುಂದೆ ಬಿಳಿ ಮಚ್ಚೆ. ಮೈ ಸಪೂರ, ಬಾಲ ಒಟ್ಟು ಉದ್ದದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಅಲ್ಲಿಗೆ ರಿಬ್ಬನ್ ಹಾವು ಅನ್ನೋದು ಖಾತ್ರಿಯಾಯಿತು. ಅದೂ ಗಾರ್ಟರ್ ಕುಲವೇ, ಆದರೆ ಊಟ ಬೇರೆ. ಮೀನು, ಕಪ್ಪೆ ತಿನ್ನುತ್ತದೆ, ಎರೆಹುಳ ಸಾಮಾನ್ಯವಾಗಿ ಬೇಡ ಅನ್ನುತ್ತದೆ. ಹಾವಿಗೆ ಕಾಯಿಲೆ ಏನೂ ಇರಲಿಲ್ಲ.

ರಿಬ್ಬನ್‌ನಲ್ಲೂ ಪೂರ್ವದ್ದು, ಪಶ್ಚಿಮದ್ದು ಅಂತ ಎರಡಿವೆ. ನೆತ್ತಿಯ ಮೇಲಿನ ಜೋಡಿ ಚುಕ್ಕೆ ಇದರಲ್ಲಿ ಹೊಳಪಾಗಿ, ಒಂದಕ್ಕೊಂದು ಅಂಟಿಕೊಂಡಿತ್ತು. ಮೇಲ್ತುಟಿಯಲ್ಲಿ ಎರಡೂ ಬದಿ 8 ಹುರುಪೆ. ಪೂರ್ವದ್ದಕ್ಕೆ ಸಾಮಾನ್ಯವಾಗಿ 7, ಚುಕ್ಕೆ ಮಸುಕು. ಹಾಗಾಗಿ ಪಶ್ಚಿಮದ್ದು, ಪ್ರಾಕ್ಸಿಮಸ್ ಅಂದೆ. ಒಂದೇ ಗುರುತು ನಂಬಿ ಹೇಳುವವನು ನಾನಲ್ಲ, ಹುರುಪೆ ಎಣಿಕೆಯಲ್ಲೂ ಒಂದೆರಡು ಹೆಚ್ಚುಕಡಿಮೆ ಆಗುವುದುಂಟು. ಇಲ್ಲಿ ಎಲ್ಲ ಗುರುತೂ ಒಂದೇ ಕಡೆ ಬೆರಳು ತೋರಿಸಿದವು.

ಮೀನು ಕೊಡು ಅಂದ ಕೂಡಲೇ "ಗೋಲ್ಡ್ ಫಿಶ್ ಸುಲಭವಾಗಿ ಸಿಗುತ್ತೆ ಮಾವ" ಅಂದಳು. ಅದು ಬೇಡ. ಗೋಲ್ಡ್ ಫಿಶ್‌ನಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇದೆ, ಅದು ಬಿ1 ವಿಟಮಿನ್ ಒಡೆದುಹಾಕುತ್ತದೆ. ಅದನ್ನೇ ದಿನಾ ತಿಂದ ಹಾವಿಗೆ ನಡುಕ, ಸೆಳೆತ ಬರುತ್ತದೆ. ಗಪ್ಪಿ ಮೀನು ಕೊಟ್ಟಳು, ತಿಂದಿತು.

ಇನ್ನೊಂದು ಹಾವು ಅಲ್ಬಿನೋ. ಕೆಂಪು ಕಣ್ಣು, ತಿಳಿ ಹಳದಿ ಮೈ, ಕಪ್ಪು ಬಣ್ಣ ಅನ್ನೋದೇ ಇಲ್ಲ. ತುಟಿಯ ಗೀಟು, ಕುತ್ತಿಗೆಯ ಕಲೆ ಯಾವುದೂ ಇಲ್ಲಿ ಸಹಾಯಕ್ಕೆ ಬರೋದಿಲ್ಲ. ರಾಡಿಕ್ಸ್, ಮಾರ್ಸಿಯಾನಸ್ ಎರಡರಲ್ಲೂ ಅಲ್ಬಿನೋ ಸಾಕುತ್ತಾರೆ, ಎರಡಕ್ಕೂ ಬೆನ್ನಿನಲ್ಲಿ 21 ಸಾಲು ಇರಬಹುದು. ಉಳಿದಿದ್ದು ಪಕ್ಕೆಯ ಗೆರೆ ಒಂದೇ, ಫೋಟೋದಲ್ಲಿ ಅದೂ ಮೈಬಣ್ಣದ ಜೊತೆ ಬೆರೆತುಹೋಗಿತ್ತು. ಮುಂದಿನ ಸಲ ಪೊರೆ ಬಿಟ್ಟ ಮಾರನೇ ದಿನವೇ, ಕಿಟಕಿಯ ಬೆಳಕಿನಲ್ಲಿ ಕುತ್ತಿಗೆಯ ಪಕ್ಕೆ ತೆಗೆದು ಕಳಿಸು, ಆಗ ಮೈ ಸ್ವಚ್ಛವಾಗಿ ಗೆರೆ ಚೆನ್ನಾಗಿ ಕಾಣುತ್ತದೆ ಅಂದಿದ್ದೇನೆ. ಅಲ್ಲಿವರೆಗೆ ಡಬ್ಬಿ ಮೇಲೆ ಹೆಸರು ಬರೀಬೇಡ, ಪ್ರಶ್ನೆ ಚಿಹ್ನೆ ಹಾಕು ಅಂತಲೂ ಹೇಳಿದ್ದೇನೆ.