ಮಳೆಗಾಲದ ಪಂಕ್ಚರ್: ಮೊದಲು ಒಣಗಿಸಿ, ಆಮೇಲೆ ಅಂಟಿಸಿ

ತೀರ್ಥಹಳ್ಳಿಯಿಂದ ಮೇಗರವಳ್ಳಿ ಕಡೆಗೆ ಸೈಕಲ್ಲಿನಲ್ಲಿ ಪತ್ರಿಕೆ ಹಾಕುವವನು ನಾನು. ಜೂನ್ ಬಂತೆಂದರೆ ಆಗುಂಬೆಯ ಮಳೆ ನಮ್ಮ ಬೆನ್ನ ಮೇಲೇ ಇರುತ್ತದೆ. ನಾವು ಹೊರಡುವ ಹೊತ್ತಿಗೆ ಯಾವ ಪಂಕ್ಚರ್ ಅಂಗಡಿಯೂ ಬಾಗಿಲು ತೆರೆದಿರುವುದಿಲ್ಲ. ಲೈನಿಗೆ ಹೊಸದಾಗಿ ಬರುವ ಹುಡುಗರಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಿಕೊಡುತ್ತೇನೆ.

ಮಳೆಯಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೆ ಕಾರಣವಿದೆ. ಒದ್ದೆ ರಬ್ಬರನ್ನು ಚೂಪಾದದ್ದು ಸಲೀಸಾಗಿ ಸೀಳುತ್ತದೆ. ರಬ್ಬರ್ ಕತ್ತರಿಸುವಾಗ ಅಲಗನ್ನು ನೀರಿನಲ್ಲಿ ಅದ್ದಿಕೊಳ್ಳುವುದು ಇದಕ್ಕೇ. ಬೇಲಿಯ ಬಿದಿರು ಮುಳ್ಳು, ಬಾಟಲಿ ಚೂರು, ಸಿಡಿದ ಲಾರಿ ಟೈರಿನ ಉಕ್ಕಿನ ಎಳೆ, ಎಲ್ಲವನ್ನೂ ನೀರು ರಸ್ತೆಯ ಅಂಚಿಗೆ ತಂದು ಸುರಿಯುತ್ತದೆ. ಒದ್ದೆ ಟೈರಿಗೆ ಅಂಟಿದ ಚೂರು ಗಾಲಿ ಸುತ್ತಿದಂತೆಲ್ಲ ಒಳಗಿಳಿಯುತ್ತದೆ. ಆದ್ದರಿಂದ ತೀರಾ ಅಂಚಿಗೆ ಹೋಗಬೇಡಿ. ಕೆಂಪು ನೀರು ನಿಂತ ಗುಂಡಿಗೂ ಇಳಿಸಬೇಡಿ. ಗಾಳಿ ಕಡಿಮೆಯಿದ್ದರೆ ಗುಂಡಿಯ ಅಂಚು ಟ್ಯೂಬನ್ನು ರಿಮ್ಮಿಗೆ ಜಜ್ಜಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ.

ಗಾಳಿ ಇಳಿದರೆ ಮೊದಲು ವಾಲ್ವ್ ನೋಡಿ. ಹಳೆಯ ಮಾದರಿಯ ಸೈಕಲ್ಲಿನಲ್ಲಿ ವಾಲ್ವಿನ ಕಡ್ಡಿಗೆ ತೊಡಿಸಿರುವ ಸಣ್ಣ ರಬ್ಬರ್ ಕೊಳವೆ ಹರಿದಿದ್ದರೂ ಗಾಳಿ ನಿಲ್ಲುವುದಿಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ. ಗುಳ್ಳೆ ಎದ್ದರೆ ಕೊಳವೆ ಬದಲಿಸಿದರಾಯಿತು, ಟೈರ್ ಬಿಚ್ಚುವ ಕೆಲಸವೇ ಇಲ್ಲ.

ಪಂಕ್ಚರೇ ಆಗಿದ್ದರೆ ಬಸ್ ತಂಗುದಾಣವನ್ನೋ ಯಾರದಾದರೂ ಮನೆಯ ಜಗಲಿಯನ್ನೋ ಹುಡುಕಿ. ಸೈಕಲ್ಲನ್ನು ತಳ್ಳಿಕೊಂಡೇ ಹೋಗಿ. ಗಾಳಿಯಿಲ್ಲದ ಟೈರಿನ ಮೇಲೆ ಕುಳಿತು ಓಡಿಸಿದರೆ ಟ್ಯೂಬ್ ಪೂರ್ತಿ ಹಾಳಾಗುತ್ತದೆ. ಮಳೆಯಲ್ಲೇ ನಿಂತು ಪ್ಯಾಚ್ ಹಾಕುವ ಹಟ ಬೇಡವೇ ಬೇಡ, ಅದು ನಿಲ್ಲುವುದಿಲ್ಲ. ಮುಂದಿನ ಗಾಲಿಯಾದರೆ ಬಿಚ್ಚಿ ಬೇರೆ ಟ್ಯೂಬ್ ಹಾಕಿಬಿಡಿ; ತೂತಾದದ್ದನ್ನು ಮನೆಯಲ್ಲಿ ನೋಡಿಕೊಳ್ಳಬಹುದು. ಹಿಂದಿನ ಗಾಲಿಗೆ ಚೈನು, ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಸೇರಿರುವುದರಿಂದ ಅದನ್ನು ಬಿಚ್ಚದೆ, ಟೈರಿನ ಒಂದು ಬದಿಯನ್ನಷ್ಟೇ ಎಬ್ಬಿಸಿ ಟ್ಯೂಬ್ ಹೊರಗೆಳೆಯಿರಿ. ಅದಕ್ಕೂ ಮೊದಲು ಟೈರನ್ನೂ ರಿಮ್ಮನ್ನೂ ಒರೆಸಿ, ಇಲ್ಲದಿದ್ದರೆ ಕೆಸರೆಲ್ಲ ಒಳಗೆ ಸೇರುತ್ತದೆ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿಯಿರಿ. ತಣ್ಣನೆಯ ಎಳೆ ತಾಗಿದ ಕಡೆಯೇ ತೂತು. ಪಕ್ಕದಲ್ಲೇ ನೀರಿದೆಯೆಂದು ಅದರಲ್ಲಿ ಮುಳುಗಿಸಿದರೆ ಒಣಗಿಸುವ ಕೆಲಸ ಇಮ್ಮಡಿ.

ಈಗ ಅವಸರ ಮಾಡಬಾರದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಣ ಹತ್ತಿ ಬಟ್ಟೆಯಿಂದ ಮೊದಲು ಕೈ ಒರೆಸಿಕೊಳ್ಳಿ, ಆಮೇಲೆ ಟ್ಯೂಬ್. ಪ್ಯಾಚಿಗಿಂತ ದೊಡ್ಡ ಜಾಗವನ್ನು ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಸೊಲ್ಯೂಷನ್ನನ್ನು (ಪ್ಯಾಚ್ ಅಂಟಿಸುವ ಅಂಟು) ತೆಳ್ಳಗೆ ಸವರಿ, ಮಿರುಗು ಆರುವವರೆಗೆ ಕಾಯಿರಿ. ಬೇಸಿಗೆಯಲ್ಲಿ 5 ನಿಮಿಷ ಸಾಕು. ಮಲೆನಾಡಿನ ಶ್ರಾವಣದಲ್ಲಿ ಅದಕ್ಕಿಂತ ಹೆಚ್ಚು ಬೇಕು. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ. ಕಡ್ಡಿ ಗೀರಿ ಒಣಗಿಸುವವರನ್ನು ಕಂಡಿದ್ದೇನೆ. ಸೊಲ್ಯೂಷನ್ ಭಗ್ಗನೆ ಹೊತ್ತಿಕೊಳ್ಳುತ್ತದೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಪ್ಯಾಚ್ ಕೂರಿಸಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ.

ಟ್ಯೂಬ್ ಒಳಗಿಡುವ ಮುನ್ನ ಚುಚ್ಚಿದ್ದು ಯಾವುದೆಂದು ಹುಡುಕಲೇಬೇಕು. ಬಟ್ಟೆಯನ್ನು ಟೈರಿನ ಒಳಮೈಯಲ್ಲಿ ಸುತ್ತಲೂ ಎಳೆಯಿರಿ. ಬರಿಗೈ ಬೇಡ, ಸೀಳುತ್ತದೆ. ಬಟ್ಟೆ ತೊಡರಿದ ಕಡೆ ಮುಳ್ಳಿದೆ. ಉಕ್ಕಿನ ಎಳೆ ಕೂದಲಷ್ಟು ತೆಳ್ಳಗಿರುವುದರಿಂದ ಚಿಮಟ ಬೇಕಾಗುತ್ತದೆ. ಟೈರೇ ಸೀಳಿದ್ದರೆ ಹಳೆ ಟ್ಯೂಬಿನ ತುಂಡನ್ನು ಒಳಗಿನಿಂದ ಅಡ್ಡವಿಡಿ, ಮನೆ ಮುಟ್ಟುವವರೆಗೆ ತಡೆಯುತ್ತದೆ.

ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬ್ ಒಳಗೊಳಗೇ ಗಟ್ಟಿಯಾಗುತ್ತದೆ. ಮೇ ಮುಗಿಯುವ ಮೊದಲೇ ಹೊಸದೊಂದನ್ನು ಚೀಲಕ್ಕೆ ಹಾಕಿಕೊಳ್ಳಿ.